ಧನ್ವಾಡದ ದಾರಿಯಲ್ಲಿ: ಗಡಿಯಾಚೆಗೂ ಚಾಚಿದ ಒಡಂಬಡಿಕೆ

ರಾಯಚೂರಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಹೊರಟರೆ ಮೊದಲು ಶಕ್ತಿನಗರದ ವಿದ್ಯುತ್ ಸ್ಥಾವರದ ಎತ್ತರದ ಚಿಮಣಿಗಳು ಕಾಣಿಸುತ್ತವೆ. ಅವುಗಳನ್ನು ದಾಟುತ್ತಿದ್ದಂತೆ ಕೃಷ್ಣಾ ನದಿ. ಈ ದಡ ಕರ್ನಾಟಕ, ಆ ದಡ ತೆಲಂಗಾಣ. ಆಚೆಗೆ ನದಿಯ ಹೆಸರನ್ನೇ ಹೊತ್ತ ಕೃಷ್ಣಾ ಮಂಡಲ, ಅದೇ ಹೆಸರಿನ ರೈಲು ನಿಲ್ದಾಣ. ಅಲ್ಲಿಂದ ಮಾಗನೂರು, ಮಕ್ತಲ್, ಮರಿಕಲ್. ಮರಿಕಲ್ಲಿನಲ್ಲಿ ಹೆದ್ದಾರಿ ಬಿಟ್ಟು ನಾರಾಯಣಪೇಟೆಯ ರಸ್ತೆಗೆ ತಿರುಗಿದರೆ ಧನ್ವಾಡ.

ನಮ್ಮ ಧರ್ಮಕೇಂದ್ರದ ಒಂದು ಕುಟುಂಬದ ಬಂಧುಗಳು ಧನ್ವಾಡದಲ್ಲಿ ಹೊಸ ಮನೆ ಕಟ್ಟಿದ್ದರು. ಗೃಹಪ್ರವೇಶಕ್ಕೆ ಕರೆ ಬಂದಿತ್ತು. ಬೈಬಲ್ ಅಧ್ಯಯನ ಬಳಗದ ನಾವು ಒಂಬತ್ತು ಮಂದಿ ಒಂದು ಕ್ರೂಸರ್ ಗಾಡಿ ಮಾಡಿಕೊಂಡು ಬೆಳಿಗ್ಗೆ ಬೇಗನೇ ಹೊರಟೆವು. ಆ ತಿಂಗಳು ನಮ್ಮ ಬಳಗದಲ್ಲಿ ಪ್ರೇಷಿತರ ಕಾರ್ಯಕಲಾಪಗಳನ್ನು ಓದುತ್ತಿದ್ದೆವು. ಹಿಂದಿನ ವಾರ ನಮ್ಮೊಡನಿದ್ದ ಒಬ್ಬ ಯುವಕ ಒಂದು ಪ್ರಶ್ನೆ ಹಾಕಿದ್ದ. “ದೇವರು ಒಡಂಬಡಿಕೆ ಮಾಡಿಕೊಂಡದ್ದು ಇಸ್ರಯೇಲರ ಜೊತೆ. ನಾವು ಇಸ್ರಯೇಲರಲ್ಲ. ಹಾಗಾದರೆ ಆ ವಾಗ್ದಾನ ನಮಗೆ ಹೇಗೆ ಬಂತು? ನಮಗೆ ಬಂದದ್ದು ನಮ್ಮ ನೆರೆಮನೆಯವರಿಗೆ ಯಾಕೆ ಬರಬಾರದು?” ಸಮಯ ಮೀರಿದ್ದರಿಂದ ಅಂದು ಉತ್ತರ ಉಳಿದುಹೋಗಿತ್ತು. ಗಾಡಿಯಲ್ಲಿ ಅದೇ ಮಾತು ಮುಂದುವರಿಯಿತು.

ಗೆರೆ ಸರಿದ ನಾಡು

ಈ ಪ್ರಶ್ನೆಗೆ ಈ ಸೀಮೆಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದು. ಇದು ಗಡಿಗಳು ಜನರನ್ನು ಬಿಟ್ಟು ತಾವೇ ಓಡಾಡಿದ ನಾಡು. 1948ರ ಸೆಪ್ಟೆಂಬರ್ 17ರವರೆಗೆ ನದಿಯ ಎರಡೂ ದಡಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ರಾಯಚೂರು ಅಂದಿನ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದುವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳಾಗಿದ್ದ ಗದ್ವಾಲ ಮತ್ತು ಆಲಂಪುರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಸೇರಿದವು. ಗುಲ್ಬರ್ಗ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ಕೂಡ ಆಚೆಗೆ ಹೋದವು. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು. 2019ರಲ್ಲಿ ನಾರಾಯಣಪೇಟೆ ಬೇರೆ ಜಿಲ್ಲೆಯಾಯಿತು. ಧನ್ವಾಡ ಈಗ ಅದರೊಳಗಿನ ಒಂದು ಮಂಡಲ ಕೇಂದ್ರ. ಒಂದೇ ಮನೆಯಲ್ಲಿ ಕುಳಿತ ಅಜ್ಜಿಯೊಬ್ಬಳು ಎದ್ದು ಎಲ್ಲಿಗೂ ಹೋಗದೆ ಒಂದು ಸಂಸ್ಥಾನ, ಎರಡು ರಾಜ್ಯ, ಎರಡು ಜಿಲ್ಲೆಗಳ ಪ್ರಜೆಯಾಗಿರುತ್ತಾಳೆ.

ಆದರೆ ಬಂಧುತ್ವ ಗೆರೆಯನ್ನು ಕೇಳುವುದಿಲ್ಲ. ಹೆಣ್ಣು ತರುವುದು, ಕೊಡುವುದು ನಡೆದೇ ಇದೆ. ಗಡಿಯ ಕೆಲವು ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮವಿದೆ. ನಾರಾಯಣಪೇಟೆಯ ಸಂತೆಯಲ್ಲಿ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಅಲ್ಲಿನ ಕೈಮಗ್ಗದ ಸೀರೆ ಹೆಸರುವಾಸಿ; ಒಡಲ ತುಂಬ ಚೌಕಳಿ, ಅಂಚು ಬೇರೆ ಬಣ್ಣದ್ದು. ಶಿವಾಜಿ ಮಹಾರಾಜರ ದಂಡಿನೊಂದಿಗೆ ಬಂದ ಕೆಲವು ನೇಕಾರರು ಇಲ್ಲೇ ನಿಂತರೆಂದು ಊರವರು ಹೇಳುತ್ತಾರೆ. ಹೊರಗಿನಿಂದ ಬಂದವರ ಕಸುಬೇ ಇಂದು ಊರಿನ ಗುರುತಾಗಿದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾ ನಿಲ್ದಾಣದವರೆಗಿನ ಹೊಸ ರೈಲು ಮಾರ್ಗ ಉದ್ಘಾಟನೆಯಾಗಿ ಮಕ್ತಲ್ ಸೀಮೆ ರಾಯಚೂರಿಗೆ ಇನ್ನಷ್ಟು ಹತ್ತಿರವಾಗಿದೆ.

ಮಕ್ತಲ್ ದಾಟುವಾಗ ನಮ್ಮಲ್ಲೊಬ್ಬರು ಜೆರುಸಲೇಮಿನ ದೇವಾಲಯದ ಗೋಡೆಯ ಮಾತೆತ್ತಿದರು. ಯೇಸುಸ್ವಾಮಿಯ ಕಾಲದಲ್ಲಿ ಆ ದೇವಾಲಯದ ಹೊರ ಅಂಗಳಕ್ಕೆ ಯಾರು ಬೇಕಾದರೂ ಬರಬಹುದಿತ್ತು. ಒಳ ಅಂಗಳದ ಮೊದಲು ಒಂದು ಕಲ್ಲಿನ ತಡೆಗೋಡೆ. ಪರಕೀಯರು ಅದನ್ನು ದಾಟಿದರೆ ಸಾವೇ ಗತಿ, ಅದಕ್ಕೆ ಅವರೇ ಹೊಣೆ ಎಂದು ಗ್ರೀಕ್ ಭಾಷೆಯಲ್ಲಿ ಕೆತ್ತಿಸಿ ನಿಲ್ಲಿಸಿದ್ದರು. ಅಂಥ ಒಂದು ಕಲ್ಲು 1871ರಲ್ಲಿ ಸಿಕ್ಕಿತು. ಅದು ಇಂದು ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಎಫೆಸದ ತ್ರೋಫಿಮನನ್ನು ಆ ಗೋಡೆಯೊಳಗೆ ಕರೆತಂದನೆಂಬ ಆಪಾದನೆಯ ಮೇಲೆಯೇ ಸಂತ ಪೌಲರನ್ನು ಜನ ಹಿಡಿದು ಹೊಡೆದದ್ದು (ಪ್ರೇಷಿತರ ಕಾರ್ಯಕಲಾಪಗಳು 21). ಎಫೆಸದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಯೆಹೂದ್ಯರನ್ನೂ ಅನ್ಯಜನರನ್ನೂ ಅಗಲಿಸಿದ್ದ ಅಡ್ಡಗೋಡೆಯನ್ನು ಕ್ರಿಸ್ತರು ತಮ್ಮ ದೇಹದಲ್ಲೇ ಕೆಡವಿದರೆಂದು ಓದುವಾಗ, ಓದುಗರ ಕಣ್ಣ ಮುಂದೆ ಈ ನಿಜವಾದ ಕಲ್ಲಿನ ಗೋಡೆ ನಿಲ್ಲಬೇಕು.

ಧನ್ವಾಡದ ಮನೆಯಲ್ಲಿ ಕೇಳಿದ ಪ್ರಶ್ನೆ

ಧನ್ವಾಡ ತಲುಪುವಾಗ ಬಿಸಿಲು ಏರಿತ್ತು. ಮನೆಯ ಮುಂದೆ ಚಪ್ಪರ, ಬಾಗಿಲಿಗೆ ಮಾವಿನ ತೋರಣ. ಪ್ರಾರ್ಥನೆಯಾಯಿತು, ತೀರ್ಥ ಚಿಮುಕಿಸಿದ್ದಾಯಿತು. ಊಟಕ್ಕೆ ಜೋಳದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ; ಜೊತೆಗೆ ನಾವು ಪುಂಡಿಪಲ್ಯ ಎನ್ನುವ, ಅವರು ಪುಂಟಿಕೂರ ಎನ್ನುವ ಅದೇ ಹುಳಿ ಸೊಪ್ಪು. ಬಂದವರಲ್ಲಿ ಕ್ರೈಸ್ತರು ಕೆಲವರೇ. ಓಣಿಯ ಹಿಂದೂಗಳೂ ಮುಸಲ್ಮಾನರೂ ಬಂದು ಉಂಡು ಹರಸಿ ಹೋದರು.

ಊಟವಾದ ಮೇಲೆ ಮನೆಯ ಹಿರಿಯಮ್ಮ ನಮ್ಮ ಬಳಿ ಬಂದು ಕುಳಿತರು. ಅವರ ತವರು ರಾಯಚೂರು ಜಿಲ್ಲೆಯ ಮುದಗಲ್ಲು ಕಡೆ. ಆದಿಲಶಾಹಿ ಸುಲ್ತಾನರ ಕಾಲದಿಂದಲೂ ಕಥೋಲಿಕ ಸಮುದಾಯವಿರುವ ಊರು ಅದು. ಐವತ್ತು ವರ್ಷಗಳ ಹಿಂದೆ ಈ ಮನೆಗೆ ಬಂದವರು. ಯಜಮಾನರು ಕ್ರೈಸ್ತರಾಗಿರಲಿಲ್ಲ, ದೀಕ್ಷಾಸ್ನಾನವನ್ನೂ ಪಡೆಯಲಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಪಾಲಮೂರಿನ ಸಾವಿರಾರು ಕೂಲಿಗಳಂತೆ ಅವರೂ ಕಾಲುವೆ, ಅಣೆಕಟ್ಟೆಗಳ ಕೆಲಸಕ್ಕೆ ದೂರದೂರ ಹೋದವರು. ಕ್ರಿಸ್ತಜಯಂತಿಗೂ ಪಾಸ್ಕ ಹಬ್ಬಕ್ಕೂ ಹೆಂಡತಿಯನ್ನು ತಾವೇ ಬಸ್ಸು ಹತ್ತಿಸಿ ಪೂಜೆಗೆ ಕಳಿಸುತ್ತಿದ್ದರು. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಲು ಒಂದು ದಿನವೂ ಅಡ್ಡ ಬರಲಿಲ್ಲ. ಗುಂಪಿನ ಕೂಲಿಯವನೊಬ್ಬ ಕೆಲಸದಲ್ಲಿ ಸತ್ತಾಗ ಅವನ ಪಾಲಿನ ಹಣವನ್ನು ಒಂದು ಪೈಸೆ ಮುರಿಯದೆ ಅವನ ಹೆಂಡತಿಗೆ ತಂದುಕೊಟ್ಟವರು.

“ನೀವು ಬೈಬಲ್ ಓದೋರು. ನಮ್ಮ ಯಜಮಾನ್ರು ಹೋಗಿ ಆರು ವರ್ಷ ಆತು. ದೀಕ್ಷಾಸ್ನಾನ ಇಲ್ಲದ ಹೋದ್ರು. ಈಗ ಅವರು ಎಲ್ಲದಾರ? ನಾ ಹೋದಮ್ಯಾಲ ಅವರು ಸಿಗ್ತಾರೋ ಇಲ್ಲೋ? ಸುಳ್ಳು ಸಮಾಧಾನ ಬ್ಯಾಡ, ಖರೇ ಹೇಳ್ರಿ” ಎಂದರು.

ನಮ್ಮ ಯುವಕನ ಪ್ರಶ್ನೆ ಪುಸ್ತಕದ್ದಾಗಿತ್ತು. ಇದು ಒಂದು ಹೆಣ್ಣಿನ ಐವತ್ತು ವರ್ಷಗಳ ಬಾಳಿನದು. ಸುಲಭದ ಮಾತಿನಲ್ಲಿ ಮುಗಿಸುವಂತಿರಲಿಲ್ಲ. ಅಂದು ಅವರ ಜೊತೆ ಕುಳಿತು ಬೈಬಲ್ ತೆರೆದು ಮಾತನಾಡಿದ್ದನ್ನೂ, ಊರಿಗೆ ಬಂದ ಮೇಲೆ ನಮ್ಮ ಗುರುಗಳ ಸಹಾಯದಿಂದ ಓದಿಕೊಂಡಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪ್ರಶ್ನೆ ಇಲ್ಲದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆ.

ಒಡಂಬಡಿಕೆ ಶುರುವಾದದ್ದು ಎಲ್ಲಿಂದ?

ನಾವು ಒಡಂಬಡಿಕೆ ಎಂದ ಕೂಡಲೇ ಸೀನಾಯಿ ಬೆಟ್ಟವನ್ನು ನೆನೆಯುತ್ತೇವೆ. ಆದರೆ ಬೈಬಲಿನಲ್ಲಿ ಅದಕ್ಕೂ ಮೊದಲ ಒಡಂಬಡಿಕೆಯೊಂದಿದೆ. ಜಲಪ್ರಳಯದ ನಂತರ ದೇವರು ನೋವನೊಡನೆ, ಅವನ ಸಂತತಿಯೊಡನೆ, ಭೂಮಿಯ ಮೇಲಿನ ಸಕಲ ಜೀವಿಗಳೊಡನೆ ಒಪ್ಪಂದ ಮಾಡಿಕೊಂಡರು (ಆದಿಕಾಂಡ 9). ಆಗ ಇಸ್ರಯೇಲ್ ಎಂಬ ಜನಾಂಗವೇ ಇರಲಿಲ್ಲ. ಕಾಮನಬಿಲ್ಲು ಅದರ ಗುರುತು. ಮಳೆಗಾಗಿ ಆಕಾಶ ನೋಡುವ ಪಾಲಮೂರಿನ ರೈತನ ಹೊಲದ ಮೇಲೂ ಅದು ಮೂಡುತ್ತದೆ. ಧರ್ಮಸಭೆಯ ಸತ್ಯೋಪದೇಶ ಗ್ರಂಥವೂ ಈ ಒಡಂಬಡಿಕೆ ಶುಭಸಂದೇಶ ಲೋಕಕ್ಕೆಲ್ಲ ಸಾರಲಾಗುವವರೆಗೆ ಜಾರಿಯಲ್ಲಿರುತ್ತದೆಂದು ಕಲಿಸುತ್ತದೆ.

ಅನಂತರ ಅಬ್ರಹಾಮ. ದೇವರು ಒಬ್ಬನನ್ನು ಆರಿಸಿಕೊಂಡರು ನಿಜ. ಆದರೆ ಆರಿಸಿದ ಗಳಿಗೆಯಲ್ಲೇ, ಅವನ ಮೂಲಕ ಭೂಲೋಕದ ಎಲ್ಲ ಕುಲಗಳಿಗೂ ಆಶೀರ್ವಾದ ಎಂದರು (ಆದಿಕಾಂಡ 12:3). ಒಬ್ಬನ ಹೊಲಕ್ಕೆ ಕಾಲುವೆ ತೋಡಿದ್ದು ಅವನೊಬ್ಬನೇ ನೀರು ಕುಡಿಯಲೆಂದಲ್ಲ. ಅಲ್ಲಿಂದ ಮುಂದಿನ ಹೊಲಗಳಿಗೂ ಹರಿಯಲಿ ಎಂದು. ಆಯ್ಕೆ ಎಂದರೆ ಸೇವೆಗಾಗಿ ಆಯ್ಕೆ.

ಸೀನಾಯಿಯ ಒಡಂಬಡಿಕೆ ಇಸ್ರಯೇಲರದೇ. ಅದನ್ನು ಮಸುಕು ಮಾಡಬಾರದು. ಆದರೂ ಹಳೆಯ ಒಡಂಬಡಿಕೆಯ ಪುಟಗಳ ತುಂಬ ಹೊರಗಿನವರು ಓಡಾಡುತ್ತಾರೆ. ಅಬ್ರಹಾಮನನ್ನು ಹರಸಿದ ಸಾಲೇಮಿನ ಅರಸ ಮೆಲ್ಕಿಸದೇಕ ಇಸ್ರಯೇಲನಲ್ಲ. ಅವನು ತಂದ ರೊಟ್ಟಿ ದ್ರಾಕ್ಷಾರಸದ ಕಾಣಿಕೆಯನ್ನು ನಾವು ಬಲಿಪೂಜೆಯ ಮೊದಲನೆಯ ಕೃತಜ್ಞತಾ ಪ್ರಾರ್ಥನೆಯಲ್ಲಿ ಇಂದಿಗೂ ಸ್ಮರಿಸುತ್ತೇವೆ. ಜೆರಿಕೋವಿನ ರಹಾಬಳು, ಮೋವಾಬಿನ ರೂತಳು ಯೇಸುವಿನ ವಂಶಾವಳಿಯಲ್ಲೇ ಇದ್ದಾರೆ (ಮತ್ತಾಯ 1:5). ರೂತಳ ಕಥೆ ಹೇಳಿದಾಗ ಹಿರಿಯಮ್ಮನ ಮುಖ ಅರಳಿತು. ಬರಗಾಲಕ್ಕೆ ಊರು ಬಿಟ್ಟು ಹೋದ ಕುಟುಂಬ, ಗಡಿಯಾಚೆಯ ಮದುವೆ, ಸುಗ್ಗಿಯ ಹೊಲದಲ್ಲಿ ತೆನೆ ಆಯುವ ಸೊಸೆ. ಪಾಲಮೂರಿನ ಕೂಲಿಯವರ ಮನೆಯಲ್ಲಿ ಆ ಕಥೆಗೆ ವ್ಯಾಖ್ಯಾನ ಬೇಕಿರಲಿಲ್ಲ.

ನಜರೇತಿನ ಪ್ರಾರ್ಥನಾಮಂದಿರದಲ್ಲಿ ಯೇಸುಸ್ವಾಮಿ ಸರೆಪ್ತದ ವಿಧವೆಯನ್ನೂ ಸಿರಿಯದ ನಾಮಾನನನ್ನೂ ಹೆಸರಿಸಿದಾಗ ಊರವರು ಸಿಟ್ಟಿಗೆದ್ದು ಅವರನ್ನು ಬೆಟ್ಟದಿಂದ ನೂಕಲು ಹೊರಟರು (ಲೂಕ 4). ದೇವರ ಕೃಪೆ ಹೊರಗಿನವರಿಗೂ ಇದೆಯೆಂಬ ಮಾತು ಒಳಗಿನವರಿಗೆ ಯಾವಾಗಲೂ ಕಹಿ. ಶತಾಧಿಪತಿಯ ವಿಶ್ವಾಸವನ್ನು ಇಸ್ರಯೇಲಿನಲ್ಲೂ ಕಾಣಲಿಲ್ಲವೆಂದರು ಸ್ವಾಮಿ (ಮತ್ತಾಯ 8). ಕಾನಾನ್ಯ ಹೆಂಗಸಿನ ಹಟಕ್ಕೆ ಮಣಿದು ಮಗಳನ್ನು ಗುಣಪಡಿಸಿದರು (ಮತ್ತಾಯ 15).

ಚರ್ಮ ಹದಮಾಡುವವನ ಮನೆಯಿಂದ

ಪೇತ್ರರಿಗೆ ಅನ್ಯಜನರ ಬಗ್ಗೆ ದರ್ಶನವಾದಾಗ ಅವರು ಎಲ್ಲಿದ್ದರು ನೆನಪಿದೆಯೇ? ಜೊಪ್ಪದಲ್ಲಿ, ಚರ್ಮ ಹದಮಾಡುವ ಸಿಮೋನನೆಂಬವನ ಮನೆಯಲ್ಲಿ. ಸತ್ತ ಪ್ರಾಣಿಯ ಚರ್ಮ ಮುಟ್ಟುವ ಕಸುಬನ್ನು ಆ ಕಾಲದವರೂ ಕೀಳೆಂದು ನೋಡುತ್ತಿದ್ದರು. ಅಲ್ಲಿಂದ ಪೇತ್ರರು ಸೆಜರೇಯಕ್ಕೆ ಹೋಗಿ ರೋಮಿನ ಸೇನಾಧಿಕಾರಿ ಕೊರ್ನೇಲಿಯ ಮನೆಯ ಹೊಸ್ತಿಲು ದಾಟಿದರು. ಅವರಿನ್ನೂ ಬೋಧಿಸುತ್ತಿರುವಾಗಲೇ, ದೀಕ್ಷಾಸ್ನಾನಕ್ಕೂ ಮೊದಲೇ, ಪವಿತ್ರಾತ್ಮರು ಆ ಮನೆಯವರ ಮೇಲೆ ಇಳಿದುಬಂದರು. ಪೇತ್ರರು ನೀರು ತರಿಸಿ ದೀಕ್ಷಾಸ್ನಾನ ಕೊಡಿಸಿದ್ದು ಆಮೇಲೆ. ದೇವರು ಮುಂದೆ ನಡೆದರು, ಧರ್ಮಸಭೆ ಹಿಂದೆ ಓಡಿಬಂತು. ಜೆರುಸಲೇಮಿಗೆ ಹಿಂದಿರುಗಿದಾಗ ಪೇತ್ರರಿಗೆ ಸಿಕ್ಕ ಮೊದಲ ಆಕ್ಷೇಪಣೆ ಯಾವುದು? ಅಂಥವರ ಮನೆಯಲ್ಲಿ ಉಂಡಿರಲ್ಲಾ ಎಂಬುದು (11:3). ವಾದ ಶುರುವಾದದ್ದು ಊಟದ ಪಂಕ್ತಿಯಿಂದ.

ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ಪ್ರೇಷಿತರ ಸಭೆ ಕೂಡಿತು (ಪ್ರೇಷಿತರ ಕಾರ್ಯಕಲಾಪಗಳು 15). ಕ್ರೈಸ್ತನಾಗಬೇಕಾದ ಅನ್ಯನು ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯನಾಗಬೇಕೇ ಎಂಬುದು ಪ್ರಶ್ನೆ. ಬೇಕಿಲ್ಲವೆಂದು ಸಭೆ ತೀರ್ಮಾನಿಸಿತು. ಒಟ್ಟಿಗೆ ಬಾಳಲು ಬೇಕಾದ ಕೆಲವೇ ನಿಯಮಗಳನ್ನು ಹೇಳಿ ಅಂತಿಯೋಕ್ಯಕ್ಕೆ ಪತ್ರ ಕಳಿಸಿತು. ಆ ಪತ್ರ ಅಂದು ಹೋಗದಿದ್ದರೆ ಇಂದು ಕನ್ನಡದಲ್ಲಿ ಬಲಿಪೂಜೆ ಇರುತ್ತಿರಲಿಲ್ಲ.

ಇದೇ ಪ್ರಶ್ನೆ ನಮ್ಮ ನಾಡಿನಲ್ಲೂ ಎದ್ದಿತು. ಪೋರ್ಚುಗೀಸರ ಕಾಲದಲ್ಲಿ ಕ್ರೈಸ್ತನಾಗುವುದೆಂದರೆ ಪರಂಗಿಯಾಗುವುದು, ಅವರ ಉಡುಗೆ ಊಟ ಹಿಡಿಯುವುದು ಎಂದೇ ಜನ ತಿಳಿದಿದ್ದರು. 1606ರಲ್ಲಿ ಮಧುರೆಗೆ ಬಂದ ರೊಬೆರ್ತೊ ದೆ ನೊಬಿಲಿ ಕಾವಿ ಉಟ್ಟು ತಮಿಳು, ಸಂಸ್ಕೃತ ಕಲಿತರು. ಅದೇ ಜಾಡಿನಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು ಸಂನ್ಯಾಸಿಯ ವೇಷ ತೊಟ್ಟು ಕನ್ನಡದಲ್ಲಿ ಧರ್ಮೋಪದೇಶ ಬರೆದರು. 1623ರಲ್ಲೇ ಪೋಪ್ ಹದಿನೈದನೆಯ ಗ್ರೆಗರಿಯವರು ಜುಟ್ಟು, ಜನಿವಾರ ಮುಂತಾದವನ್ನು ಷರತ್ತಿನ ಮೇಲೆ ಉಳಿಸಿಕೊಳ್ಳಲು ಅನುಮತಿ ಕೊಟ್ಟಿದ್ದರು. ಆದರೆ ಆ ದಾರಿಗೂ ಒಂದು ಮುಳ್ಳು ಅಂಟಿತ್ತು. ಪರಂಗಿಯ ಗೋಡೆ ಬಿತ್ತು, ಜಾತಿಯ ಗೋಡೆ ನಿಂತಿತು. ಮೇಲಿನವರಿಗೊಬ್ಬ ಗುರು, ಕೆಳಗಿನವರಿಗೊಬ್ಬ ಗುರು ಎಂಬ ಏರ್ಪಾಡು ಬಹುಕಾಲ ನಡೆಯಿತು.

ಪಾಪಯ್ಯನ ಪ್ರಶ್ನೆ

ಮಹಬೂಬನಗರ ಸೀಮೆಯಲ್ಲಿ ಶುಭಸಂದೇಶ ಹೆಚ್ಚಾಗಿ ಹರಡಿದ್ದು ಅಮೆರಿಕದಿಂದ ಬಂದ ಬ್ಯಾಪ್ಟಿಸ್ಟ್ ಮತ್ತು ಮೆನ್ನೊನೈಟ್ ಬ್ರದರನ್ ಮಿಷನರಿಗಳ ಕೆಲಸದಿಂದ. ಅವರ ಮಾತು ಕೇಳಿದವರಲ್ಲಿ ಹೆಚ್ಚಿನವರು ಊರ ಹೊರಗೆ ಇಡಲ್ಪಟ್ಟಿದ್ದ ಮಾಲ, ಮಾದಿಗ ಸಮುದಾಯಗಳ ಬಡವರು. ಚರ್ಮ ಹದಮಾಡುವ ಸಿಮೋನನ ಮನೆಯಲ್ಲಿ ಪೇತ್ರರು ಉಳಿದದ್ದು ನಮಗೆ ಮತ್ತೆ ನೆನಪಾಯಿತು.

ಈ ಮಿಷನರಿಗಳ ಮನೆಯಲ್ಲಿ ಹುಟ್ಟಿದ ಪಾಲ್ ಹೀಬರ್ಟ್ ಎಂಬ ವಿದ್ವಾಂಸರು (1932–2007) 1960ರ ದಶಕದಲ್ಲಿ ತಾವೂ ಇಲ್ಲಿ ಮಿಷನರಿಯಾಗಿದ್ದರು. ಮಹಬೂಬನಗರ ಜಿಲ್ಲೆಯ ಒಂದು ಹಳ್ಳಿಯ ಬದುಕಿನ ಬಗ್ಗೆ 1971ರಲ್ಲಿ ಪುಸ್ತಕವನ್ನೂ ಬರೆದರು. 1978ರ ಒಂದು ಲೇಖನದಲ್ಲಿ ಅವರು ಪಾಪಯ್ಯ ಎಂಬ ರೈತನನ್ನು ಕಲ್ಪಿಸಿಕೊಂಡು ಪ್ರಶ್ನೆ ಕೇಳಿದರು. ಅಕ್ಷರ ಬಾರದ ಪಾಪಯ್ಯ ಹೊಲದ ಕೆಲಸ ಮುಗಿಸಿ ಬಂದು ಒಂದೇ ಒಂದು ಸಂಜೆ ಯೇಸುವಿನ ವಿಷಯ ಕೇಳುತ್ತಾನೆ. ಅಷ್ಟರಿಂದಲೇ ಅವನು ಕ್ರೈಸ್ತನಾಗಬಲ್ಲನೇ? ಎಷ್ಟು ತಿಳಿದರೆ ಸಾಕು?

ಹೀಬರ್ಟರು ಎರಡು ರೀತಿಯ ನೋಟವನ್ನು ಮುಂದಿಟ್ಟರು. ಒಂದು, ಬೇಲಿ ಹಾಕಿ ಒಳಗಿನವರು ಯಾರು ಹೊರಗಿನವರು ಯಾರು ಎಂದು ಎಣಿಸುವುದು. ಇನ್ನೊಂದು, ನಡುವಿನಲ್ಲಿರುವ ಕ್ರಿಸ್ತರ ಕಡೆಗೆ ಯಾರು ಮುಖ ಮಾಡಿದ್ದಾರೆ ಎಂದು ನೋಡುವುದು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಜಾತ್ರೆಗೆ ಹೊರಟವರಂತೆ. ಒಬ್ಬ ಗುಡಿಯ ಹತ್ತಿರವಿದ್ದರೂ ಬೆನ್ನು ತಿರುಗಿಸಿ ಮನೆಗೆ ಹೊರಟಿರಬಹುದು. ಇನ್ನೊಬ್ಬ ಹತ್ತು ಹರದಾರಿ ದೂರವಿದ್ದರೂ ಬುತ್ತಿ ಕಟ್ಟಿಕೊಂಡು ಇತ್ತ ನಡೆಯುತ್ತಿರಬಹುದು. ಹೀಬರ್ಟರ ಸಭೆ ನಮ್ಮದಲ್ಲ. ಅವರು ಕೇಳಿದ್ದೂ ಶುಭಸಂದೇಶವನ್ನು ಒಮ್ಮೆಯಾದರೂ ಕೇಳಿದವನ ಬಗ್ಗೆ. ಆದರೂ ಈ ಮಣ್ಣಿನಲ್ಲೇ ಹುಟ್ಟಿದ ಆ ಪ್ರಶ್ನೆ ನಮಗೂ ದಾರಿ ತೋರಿಸುತ್ತದೆ.

ಧರ್ಮಸಭೆ ಏನು ಕಲಿಸುತ್ತದೆ?

ಧರ್ಮಸಭೆಯ ಹೊರಗೆ ಜೀವೋದ್ಧಾರವಿಲ್ಲ ಎಂಬ ಹಳೆಯ ಮಾತನ್ನು ನಮ್ಮ ಹಿರಿಯರು ಧರ್ಮೋಪದೇಶದಲ್ಲಿ ಕಲಿತಿದ್ದರು. ಮೂರನೆಯ ಶತಮಾನದ ಸಂತ ಸಿಪ್ರಿಯನರು ಸಭೆ ಒಡೆದು ಹೋಗುವವರನ್ನು ಎಚ್ಚರಿಸುವ ಸಂದರ್ಭದಲ್ಲಿ ಬಳಸಿದ ಮಾತದು. ಅಮೆರಿಕದ ಬೋಸ್ಟನ್‌ನಲ್ಲಿ ಫಾದರ್ ಲಿಯೊನಾರ್ಡ್ ಫೀನಿ ಎಂಬವರು ಕಥೋಲಿಕರಲ್ಲದವರೆಲ್ಲ ನಾಶವಾಗುತ್ತಾರೆಂದು ಕಟ್ಟುನಿಟ್ಟಾಗಿ ಬೋಧಿಸಿದಾಗ, 1949ರಲ್ಲಿ ರೋಮಿನಿಂದಲೇ ಅಲ್ಲಿನ ಮಹಾಧರ್ಮಾಧ್ಯಕ್ಷರಿಗೆ ಪತ್ರ ಬಂತು; ಆ ಅರ್ಥ ಸರಿಯಲ್ಲ, ತಿಳಿಯದೆ ಹೊರಗಿದ್ದವರ ಹೃದಯದ ಹಂಬಲವನ್ನೂ ದೇವರು ನೋಡುತ್ತಾರೆ ಎಂದು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸಭೆಯ ಕುರಿತ ತನ್ನ ಸಂವಿಧಾನದ 16ನೆಯ ಪರಿಚ್ಛೇದದಲ್ಲಿ ಇದನ್ನು ಸ್ಪಷ್ಟಪಡಿಸಿತು. ತಮ್ಮ ತಪ್ಪಿಲ್ಲದೆ ಕ್ರಿಸ್ತರನ್ನು ಅರಿಯದೆ ಇದ್ದು, ದೇವರನ್ನು ಪ್ರಾಮಾಣಿಕವಾಗಿ ಅರಸಿ, ಮನಸ್ಸಾಕ್ಷಿಯಲ್ಲಿ ತಿಳಿದ ಅವರ ಚಿತ್ತದಂತೆ ಕೃಪೆಯ ಬಲದಿಂದ ನಡೆಯುವವರೂ ಜೀವೋದ್ಧಾರ ಪಡೆಯಬಲ್ಲರು ಎಂಬುದು ಅದರ ಸಾರ.

ಇಲ್ಲಿ ಎರಡು ಎಚ್ಚರ ಬೇಕು. ಜೀವೋದ್ಧಾರಕ ಯೇಸುಕ್ರಿಸ್ತರೊಬ್ಬರೇ. ಯಾರು ಉದ್ಧಾರವಾದರೂ ಅವರ ಶಿಲುಬೆಯಿಂದಲೇ, ಅವರ ಹೆಸರು ತಿಳಿದಿರಲಿ ತಿಳಿಯದಿರಲಿ. ಎರಡನೆಯದಾಗಿ, ಹಾಗಿದ್ದರೆ ದೀಕ್ಷಾಸ್ನಾನ ಏತಕ್ಕೆ, ಸುವಾರ್ತೆ ಸಾರುವುದು ಏತಕ್ಕೆ ಎಂದು ಕೈಕಟ್ಟಿ ಕೂರುವಂತಿಲ್ಲ. ಬಾಯಾರಿದವನು ಎಲ್ಲೋ ಒರತೆ ಕಂಡುಕೊಂಡಾನು ಎಂದು ಮನೆಯ ಬಾವಿಯನ್ನು ಮುಚ್ಚಿಡುವವರುಂಟೇ?

ಧನ್ವಾಡದ ತಾಯಿಗೆ ನಾವು ಹೇಳಿದ್ದು ಇಷ್ಟು. “ಅಮ್ಮಾ, ಯಜಮಾನರು ಸ್ವರ್ಗದಲ್ಲೇ ಇದ್ದಾರೆಂದು ಸರ್ಟಿಫಿಕೇಟು ಬರೆದುಕೊಡುವ ಅಧಿಕಾರ ನಮಗಿಲ್ಲ. ಇಲ್ಲವೆನ್ನುವ ಅಧಿಕಾರವಂತೂ ಯಾರಿಗೂ ಇಲ್ಲ. ಆದರೆ ನಂಬಿಕೆಯಿಂದ ಎದುರುನೋಡಲು ಧರ್ಮಸಭೆಯೇ ನಿಮಗೆ ಕಾರಣ ಕೊಟ್ಟಿದೆ.” ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ, ವಿಶ್ವಾಸಿಯಲ್ಲದ ಗಂಡ ವಿಶ್ವಾಸಿಯಾದ ಹೆಂಡತಿಯಿಂದ ಪಾವನನಾಗಿದ್ದಾನೆ ಎನ್ನುತ್ತಾರೆ. ಅದು ಅವನ ಉದ್ಧಾರವಾಯಿತೆಂಬ ತೀರ್ಪಲ್ಲ; ಆದರೆ ಅವನು ದೇವರಿಗೆ ಪರಕೀಯನಲ್ಲ ಎಂಬ ಮಾತು. 392ರಲ್ಲಿ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ ದೀಕ್ಷಾಸ್ನಾನ ಪಡೆಯುವ ಮೊದಲೇ ಸತ್ತಾಗ, ಮಿಲಾನಿನ ಧರ್ಮಾಧ್ಯಕ್ಷ ಸಂತ ಅಂಬ್ರೋಸರು ಅಳುತ್ತಿದ್ದ ಅವನ ತಂಗಿಯರಿಗೆ, ಅವನು ಬಯಸಿದ ಕೃಪೆಯನ್ನು ದೇವರು ಕೊಟ್ಟಿರುತ್ತಾರೆಂದು ಸಾಂತ್ವನ ಹೇಳಿದರು. ಅವನು ದೀಕ್ಷಾಸ್ನಾನವನ್ನು ಬಯಸಿ ಕೇಳಿದ್ದವನು. ಇವರು ಬಾಯಿಬಿಟ್ಟು ಕೇಳಿರಲಿಲ್ಲ. ಆ ವ್ಯತ್ಯಾಸವನ್ನೂ ಮುಚ್ಚಿಡಲಿಲ್ಲ. ಹೃದಯವನ್ನು ಓದುವವರು ದೇವರು ಎಂದೆವು.

“ಅವರ ಹೆಸರಿಗೆ ಪೂಜೆ ಮಾಡಿಸಬಹುದೇನು?” ಎಂದು ಅವರು ಮೆಲ್ಲಗೆ ಕೇಳಿದರು. ಆರು ವರ್ಷಗಳಿಂದ ಕೇಳಲು ಅಂಜಿ ಸುಮ್ಮನಿದ್ದರಂತೆ. ಖಂಡಿತ ಮಾಡಿಸಬಹುದು. ಬದುಕಿರುವ ಅಥವಾ ಮೃತರಾದ ಯಾರಿಗಾಗಿಯೂ ಗುರುಗಳು ಬಲಿಪೂಜೆ ಅರ್ಪಿಸಬಹುದೆಂದು ಧರ್ಮಸಭೆಯ ಕಾನೂನಿನ 901ನೆಯ ವಿಧಿ ಹೇಳುತ್ತದೆ. ಇದನ್ನು ತಿಳಿಯದೆ ನೊಂದುಕೊಂಡು ಕುಳಿತ ಮನೆಗಳು ನಮ್ಮಲ್ಲಿ ಇನ್ನೂ ಇರಬಹುದು; ಅದಕ್ಕಾಗಿ ಇಲ್ಲಿ ವಿಶೇಷವಾಗಿ ಬರೆಯುತ್ತಿದ್ದೇವೆ.

ಕಾಡುಕೊಂಬೆಗಳು ನಾವು

ನಾವು ಹೊರಗಿನವರ ಬಗ್ಗೆ ಮಾತನಾಡುವಾಗ ಒಂದು ವಿಷಯ ಮರೆಯುತ್ತೇವೆ. ಬೈಬಲಿನ ಲೆಕ್ಕದಲ್ಲಿ ಹೊರಗಿನವರು ನಾವೇ. ಮುದಗಲ್ಲಿನವರಾಗಲಿ ಮಂಗಳೂರಿನವರಾಗಲಿ, ನಾವು ಅಬ್ರಹಾಮನ ರಕ್ತಸಂಬಂಧಿಗಳಲ್ಲ. ರೋಮನರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ ಪೌಲರು ಇಸ್ರಯೇಲನ್ನು ಊರಿನ ಓಲಿವ್ ಮರಕ್ಕೂ ನಮ್ಮನ್ನು ಕಾಡು ಓಲಿವಿನ ಕೊಂಬೆಗೂ ಹೋಲಿಸುತ್ತಾರೆ. ನಮ್ಮ ರೈತರು ಕಸಿ ಕಟ್ಟುವಾಗ ನಾಟಿ ಗಿಡದ ಮೇಲೆ ಒಳ್ಳೆಯ ಜಾತಿಯ ಕಡ್ಡಿ ಕಟ್ಟುತ್ತಾರೆ. ದೇವರು ಮಾಡಿದ್ದು ತಿರುಗುಮುರುಗು: ಒಳ್ಳೆಯ ಮರಕ್ಕೆ ಕಾಡಿನ ಕಡ್ಡಿ ಕಟ್ಟಿದರು. ಇದು ಪ್ರಕೃತಿಗೆ ವಿರುದ್ಧವೆಂದು ಪೌಲರೇ ಒಪ್ಪುತ್ತಾರೆ. ಆದ್ದರಿಂದ ಕೊಂಬೆ ಬೇರಿನ ಮೇಲೆ ಜಂಬ ಕೊಚ್ಚುವಂತಿಲ್ಲ, ಹೊತ್ತಿರುವುದು ಬೇರು.

ಕ್ರೈಸ್ತ ಲೋಕ ಈ ಎಚ್ಚರಿಕೆಯನ್ನು ಬಹುಕಾಲ ಮರೆಯಿತು. ಯೆಹೂದ್ಯರು ತಿರಸ್ಕೃತರೆಂಬ ಬೋಧನೆ ಅವರ ಮೇಲೆ ನಡೆದ ಕ್ರೌರ್ಯಕ್ಕೆ ದಾರಿಮಾಡಿತು. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಇತರ ಧರ್ಮಗಳ ಕುರಿತ ಘೋಷಣೆಯಲ್ಲಿ, ಯೆಹೂದ್ಯರು ದೇವರಿಗೆ ಇನ್ನೂ ಅತ್ಯಂತ ಪ್ರಿಯರು, ಅವರು ಶಪಿತರೆಂದು ಹೇಳಬಾರದು ಎಂದು ಸಾರಿತು. ದೇವರು ಕೊಟ್ಟ ವರವನ್ನು ಹಿಂತೆಗೆ­ದುಕೊಳ್ಳುವುದಿಲ್ಲ ಎಂಬ ಪೌಲರ ಮಾತನ್ನೇ ಆಧರಿಸಿ 2015ರಲ್ಲಿ ವ್ಯಾಟಿಕನ್ನಿನ ಆಯೋಗವೊಂದು ಇದನ್ನು ಮತ್ತೆ ವಿವರಿಸಿತು. ಇದರಲ್ಲಿ ನಮಗೂ ಧೈರ್ಯವಿದೆ. ಇಸ್ರಯೇಲಿಗೆ ಕೊಟ್ಟ ಮಾತನ್ನು ಮುರಿಯುವ ದೇವರಾಗಿದ್ದರೆ ನಮಗೆ ಕೊಟ್ಟ ಮಾತನ್ನು ನಂಬುವುದು ಹೇಗೆ?

ನಮ್ಮ ಗೋಡೆಗಳು

ಹೊರಡುವ ಮುನ್ನ ಧನ್ವಾಡದ ಓಣಿಯಲ್ಲಿ ಸುತ್ತಾಡಿದೆವು. ತೊಗರಿ ಒಣಗಿಸುತ್ತಿದ್ದ ಅಂಗಳಗಳು, ಮಸೀದಿಯಿಂದ ಬರುತ್ತಿದ್ದ ಮಧ್ಯಾಹ್ನದ ನಮಾಜಿನ ಕರೆ, ಬೇವಿನ ಕಟ್ಟೆಯ ಮೇಲೆ ಕುಳಿತ ಮುದುಕರು. ಅವರು ತೆಲುಗಿನಲ್ಲಿ ಮಾತನಾಡಿಸಿದರು, ನಾವು ಕನ್ನಡದಲ್ಲಿ ಉತ್ತರಿಸಿದೆವು, ಯಾರಿಗೂ ಕಷ್ಟವಾಗಲಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಮಾತು ಅನ್ಯರಿಂದ ನಮ್ಮತ್ತ ತಿರುಗಿತು.

ಅನ್ಯಜನರಿಗೆ ಬಾಗಿಲು ತೆರೆದ ಧರ್ಮಸಭೆಯಲ್ಲಿ ಒಳಗೆ ಬಂದವರಿಗೆ ಎಲ್ಲರ ಜೊತೆ ಪಂಕ್ತಿ ಸಿಕ್ಕಿದೆಯೇ? ಅಂತಿಯೋಕ್ಯದಲ್ಲಿ ಪೇತ್ರರು ಜನಕ್ಕೆ ಅಂಜಿ ಅನ್ಯರ ಪಂಕ್ತಿಯಿಂದ ಎದ್ದುಹೋದಾಗ ಪೌಲರು ಎಲ್ಲರೆದುರು ಖಂಡಿಸಿದರು (ಗಲಾತ್ಯರಿಗೆ 2). ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಹೊರಡಿಸಿ, ಧರ್ಮಸಭೆಯೊಳಗೂ ಅಸ್ಪೃಶ್ಯತೆ ಇರುವುದನ್ನು ಒಪ್ಪಿಕೊಂಡಿತು. 2022ರ ಆಗಸ್ಟ್ 27ರಂದು ಹೈದರಾಬಾದಿನ ಮಹಾಧರ್ಮಾಧ್ಯಕ್ಷ ಪೂಜ್ಯ ಆಂಥೋನಿ ಪೂಲ ಅವರು ದಲಿತ ಸಮುದಾಯದಿಂದ ಬಂದ ಮೊದಲ ಕಾರ್ಡಿನಲ್ ಆದರು. ಸಂತೋಷದ ಸಂಗತಿ. ಆದರೆ ನಮ್ಮ ಊರುಗಳ ಮದುವೆ ಮಾತುಕತೆಯಲ್ಲಿ, ಸಮಾಧಿ ಭೂಮಿಯಲ್ಲಿ, ಹಬ್ಬದ ತೇರಿನ ಮುಂದೆ ಯಾರು ನಿಲ್ಲಬೇಕೆಂಬ ಜಗಳದಲ್ಲಿ ಹಳೆಯ ಗೋಡೆಯ ಕಲ್ಲುಗಳು ಇನ್ನೂ ಕಾಲಿಗೆ ತೊಡರುತ್ತವೆ.

ಪ್ರಿಯ ಓದುಗರೇ, ದೇವರ ಒಡಂಬಡಿಕೆ ಅನ್ಯರಿಗೂ ಉಂಟೇ ಎಂಬ ಪ್ರಶ್ನೆಗೆ ನಾವಿಲ್ಲಿ ದೇವಾಲಯದೊಳಗೆ ಮಂಡಿಯೂರಿರುವುದೇ ಉತ್ತರ. ನಮ್ಮನ್ನು ಒಳಗೆ ಕರೆದ ಆ ಕೃಪೆ ನಮ್ಮ ಹೊಸ್ತಿಲಲ್ಲಿ ಬಂದು ನಿಂತುಹೋಗದಿರಲಿ. ಮುಂದಿನ ಬಾರಿ ಮನೆಯಲ್ಲಿ ಜಪಸರ ಪ್ರಾರ್ಥಿಸುವಾಗ ದೀಕ್ಷಾಸ್ನಾನವಿಲ್ಲದೆ ಹೋದ ನಮ್ಮ ಅಜ್ಜ, ಅತ್ತೆ, ನೆರೆಯವರ ಹೆಸರುಗಳನ್ನೂ ಹೇಳೋಣ. ನಮ್ಮ ಪಂಕ್ತಿಯಲ್ಲಿ ಇದುವರೆಗೆ ಕೂರದ ಒಬ್ಬರನ್ನು ಕರೆದು ಊಟಕ್ಕೆ ಕೂರಿಸೋಣ. ಎಲ್ಲ ಕುಲಗಳಿಗೂ ಆಶೀರ್ವಾದವೆಂದ ಅಬ್ರಹಾಮನ ದೇವರು ನಮ್ಮ ಮನೆಗಳನ್ನು ಆ ಆಶೀರ್ವಾದದ ಕಾಲುವೆಗಳನ್ನಾಗಿ ಮಾಡಲಿ.